ರಾಜ ತೀರಿಕೊಂಡಾಗ ಬಂದ ಬೆಳ್ಳಿ: ಜರ್ಮನಿಯ ಶೋಕ ನಾಣ್ಯಗಳು

1902ರ, ಜರ್ಮನಿಯ ಸ್ಯಾಕ್ಸನಿ ರಾಜ್ಯದ 5 ಮಾರ್ಕ್ ಬೆಳ್ಳಿ ನಾಣ್ಯದಲ್ಲಿ ಎರಡು ಬಗೆ ಇವೆ. ಎರಡರಲ್ಲೂ ರಾಜ ಆಲ್ಬರ್ಟ್‌ನ ಮುಖ, ಹಿಂದೆ ಅದೇ ಹದ್ದು. ಒಂದರಲ್ಲಿ ಮಾತ್ರ ಕತ್ತಿನ ಕೆಳಗೆ ಎರಡು ತಾರೀಕು: ಹುಟ್ಟಿದ್ದು 23.4.1828, ತೀರಿಕೊಂಡದ್ದು 19.6.1902. ತಾರೀಕು ಇದ್ದರೆ ಶೋಕ ನಾಣ್ಯ, ಇಲ್ಲದಿದ್ದರೆ ಮಾಮೂಲಿ. ಒಬ್ಬ ರಾಜನ ಸಾವಿಗೆ ಇಷ್ಟೇ ಜಾಗವೇ?

ಮೊದಲು ಹೀಗಿರಲಿಲ್ಲ. 16ನೇ ಶತಮಾನದಲ್ಲಿ ಬೊಹೀಮಿಯಾದ (ಈಗಿನ ಚೆಕ್ ನಾಡು) ಗಣಿಗಳ ಬೆಳ್ಳಿಯಿಂದ ಟಾಲರ್ ಎಂಬ ದೊಡ್ಡ ನಾಣ್ಯ ಬಂತು. 17ನೇ ಶತಮಾನದ ಹೊತ್ತಿಗೆ ಸ್ಯಾಕ್ಸನಿ, ಬ್ರೌನ್‌ಶ್ವೈಗ್‌ನಂಥ ಕಡೆ ದೊರೆ ಸತ್ತರೆ 'ಸ್ಟೆರ್ಬೆಟಾಲರ್', ಅಂದರೆ ಸಾವಿನ ಟಾಲರ್, ಅಚ್ಚು ಹಾಕುವುದು ರೂಢಿಯಾಯಿತು. ಒಂದು ಬದಿ ಇಡೀ ಸಾವಿಗೇ ಮೀಸಲು. ಹುಟ್ಟಿದ ದಿನ, ಸತ್ತ ದಿನ, ಬದುಕಿದ ವರ್ಷ, ತಿಂಗಳು, ದಿನಗಳ ಲೆಕ್ಕ. ಕೆಲವುದರಲ್ಲಿ ತಲೆಬುರುಡೆಯೂ ಇತ್ತು. ಟಾಲರ್ ಜೊತೆಗೆ ಗ್ರೋಷನ್‌ನಂಥ ಚಿಲ್ಲರೆಯನ್ನೂ ಹೊರತರುತ್ತಿದ್ದರು. ನನಗೆ ಇಷ್ಟವಾಗುವುದು ಇದೇ: ರಾಜನ ಸಾವಿನ ಸುದ್ದಿ ಸಣ್ಣ ಕಾಸಿನಲ್ಲೂ ಓಡಾಡುತ್ತಿತ್ತು.

1871ರಲ್ಲಿ ಜರ್ಮನಿ ಒಂದಾಯಿತು. ಹೊಸ ಮಾರ್ಕ್ ಬಂದ ಮೇಲೆ ಬೆಳ್ಳಿಯ ದೊಡ್ಡ ನಾಣ್ಯಗಳಲ್ಲಿ ಒಂದು ಬದಿ ಸಾಮ್ರಾಜ್ಯದ ಹದ್ದಿಗೆ ಹೋಯಿತು. ರಾಜ್ಯಗಳಿಗೆ ಉಳಿದದ್ದು ದೊರೆಯ ಮುಖ ಇರುವ ಬದಿ ಮಾತ್ರ. ಶೋಕವೂ ಆ ಮುಖದ ಪಕ್ಕದಲ್ಲೇ ಹೇಗೋ ಹೊಂದಿಕೊಳ್ಳಬೇಕಾಯಿತು.

1888ರಲ್ಲಿ ಇಬ್ಬರು ಚಕ್ರವರ್ತಿಗಳು ತೀರಿಕೊಂಡರು, ಮಾರ್ಚ್ 9ರಂದು ಒಂದನೇ ವಿಲ್ಹೆಲ್ಮ್, ಜೂನ್ 15ರಂದು ಮೂರನೇ ಫ್ರೆಡ್ರಿಕ್. ಫ್ರೆಡ್ರಿಕ್ ಆಳಿದ್ದು 99 ದಿನ. ಗಂಟಲಿನ ಕ್ಯಾನ್ಸರ್‌ನಿಂದಾಗಿ ಮಾತಾಡಲೂ ಆಗದ ಸ್ಥಿತಿ. ಅವನ ಮುಖದ ನಾಣ್ಯಗಳನ್ನು ಜನ ನೆನಪಿಗೆಂದು ಎತ್ತಿಟ್ಟುಕೊಂಡರು. ಅವು ಶೋಕ ನಾಣ್ಯಗಳಲ್ಲ, ಮಾಮೂಲಿ ಚಲಾವಣೆಯವು. ಆದರೂ ನಿಜವಾದ ದುಃಖ ಅಂಟಿಕೊಂಡದ್ದು ಅವಕ್ಕೇ ಜಾಸ್ತಿ ಅನಿಸುತ್ತದೆ.

ಸ್ಯಾಕ್ಸನಿಯ ಆಲ್ಬರ್ಟ್ ತೀರಿಕೊಂಡ ಎರಡೇ ವರ್ಷಕ್ಕೆ ಅವನ ತಮ್ಮ ಗೇಯೋರ್ಗ್ ಹೋದ. 1904ರಲ್ಲಿ ಅವನಿಗೂ ತಾರೀಕು ಹಾಕಿದ 2 ಮಾರ್ಕ್, 5 ಮಾರ್ಕ್ ಬಂದವು. ಬಾಡೆನ್ ರಾಜ್ಯದ ದೊರೆ ಒಂದನೇ ಫ್ರೆಡ್ರಿಕ್‌ನದು ಇನ್ನೂ ವಿಚಿತ್ರ. 1902ರಲ್ಲಿ ಆಳ್ವಿಕೆಗೆ 50 ವರ್ಷ ಅಂತ ನಾಣ್ಯ, 1906ರಲ್ಲಿ ಮದುವೆಯ 50ನೇ ವರ್ಷಕ್ಕೆ ನಾಣ್ಯ, 1907ರಲ್ಲಿ ಸಾವಿಗೆ ನಾಣ್ಯ. ಹೀಗೆ ಸಾಲಾಗಿ ಬಂದಾಗ ಶೋಕವೂ ಸಂಗ್ರಹಕ್ಕೆ ಇನ್ನೊಂದು ಸರಕಾಗುತ್ತದೆ, ಅಲ್ವಾ?

ಸಾಮ್ರಾಜ್ಯದ ಕಾಲದ ಕೊನೆಯ ಶೋಕ ನಾಣ್ಯ ಮೈನಿಂಗನ್ ಎಂಬ ಸಣ್ಣ ರಾಜ್ಯದ ಎರಡನೇ ಗೇಯೋರ್ಗ್‌ಗೆ. ನಾಟಕ ಅಂದರೆ ಪ್ರಾಣ ಬಿಡುತ್ತಿದ್ದ ಡ್ಯೂಕ್; ಅವನ ನಾಟಕ ತಂಡ ಯುರೋಪಿನ ಊರೂರು ತಿರುಗಿತ್ತು. ತೀರಿಕೊಂಡದ್ದು 1914ರ ಜೂನ್ 25ರಂದು. ಮೂರೇ ದಿನಕ್ಕೆ ಸರಾಯೆವೋದಲ್ಲಿ, ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಗುಂಡು ಹಾರಿತು. ಅವನ 2 ಮತ್ತು 3 ಮಾರ್ಕ್ ನಾಣ್ಯಗಳ ಮೇಲಿರುವ ಇಸವಿ 1915. 1918ರಲ್ಲಿ ರಾಜರೆಲ್ಲ ಪಟ್ಟ ಬಿಟ್ಟರು. 1932ರಲ್ಲಿ ಗಣರಾಜ್ಯ ಒಂದು ಸಾವಿನ ನೂರನೇ ವರ್ಷಕ್ಕೆ 3 ಮತ್ತು 5 ಮಾರ್ಕ್ ಹೊರತಂದಿತು. ಆ ಸಾವು ಕವಿ ಗಯಟೆಯದು.