ಅಷ್ಟು ದೊಡ್ಡ ಮಲಯ ಪಟ್ಟಣಗಳು ಎಲ್ಲಿ ಹೋದವು?

ಓದುಗರ ಪ್ರಶ್ನೆ: ಶ್ರೀವಿಜಯ, ಮಲಾಕ್ಕಾ ಅಂತ ಇತಿಹಾಸದಲ್ಲಿ ಓದುತ್ತೇವೆ. ನೂರಾರು ವರ್ಷ ಸಮುದ್ರ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಊರುಗಳಂತೆ. ಆದರೆ ಮಲೇಷ್ಯಾಕ್ಕೋ ಸುಮಾತ್ರಾಕ್ಕೋ ಹೋಗಿ ಬಂದವರು ಹಂಪಿಯಂಥ ಒಂದು ಹಾಳು ಪಟ್ಟಣ ನೋಡಿದ್ದಾಗಿ ಹೇಳುವುದೇ ಇಲ್ಲ. ನಿಜವಾಗಲೂ ಅಲ್ಲಿ ಅಷ್ಟು ದೊಡ್ಡ ಊರುಗಳು ಇದ್ದವಾ?

ಇದ್ದವು, ಅದರಲ್ಲಿ ಅನುಮಾನ ಬೇಡ. ಆದರೆ ಅವು ಮರ, ಬಿದಿರು, ಗರಿಗಳಲ್ಲಿ ಕಟ್ಟಿದ ಊರುಗಳು. ಎಷ್ಟೋ ಕಡೆ ಊರಿನ ದೊಡ್ಡ ಭಾಗ ನೀರಿನ ಮೇಲೇ ಇತ್ತು. ರಾಜ ಜಾಗ ಬದಲಿಸಿದರೆ ಜನ, ದೋಣಿ, ಸಂತೆ ಎಲ್ಲವೂ ಅವನ ಜೊತೆ ಹೊರಡುತ್ತಿದ್ದವು. ಇಂಥ ಊರು ಸಾವಿರ ವರ್ಷದ ಮೇಲೆ ಕಲ್ಲಿನ ಮಂಟಪವಾಗಿ ಸಿಗುವುದಿಲ್ಲ. ಕೆಸರಿನಡಿಯಲ್ಲಿ ಪಿಂಗಾಣಿ ಚೂರಾಗಿ, ಮರದ ಕಂಬದ ಬುಡವಾಗಿ ಸಿಗುತ್ತದೆ. ಹಾಗಂತ ಅಲ್ಲಿನವರಿಗೆ ಕಲ್ಲಿನಲ್ಲಿ ಕಟ್ಟಲು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಅವರ ಬದುಕಿಗೆ ಮರದ ಊರೇ ಸರಿಯಾಗಿತ್ತು.

ಮೊದಲು ಗಾಳಿಯ ವಿಷಯ. ಹಾಯಿ ಹಡಗಿನ ಕಾಲದಲ್ಲಿ ಭಾರತದ ಕಡೆಯ ಹಡಗುಗಳು ನೈಋತ್ಯ ಮಾರುತ ಹಿಡಿದು ಮಲಾಕ್ಕಾ ಜಲಸಂಧಿಗೆ ಬರುತ್ತಿದ್ದವು. ಚೀನಾದ ಹಡಗುಗಳು ಈಶಾನ್ಯ ಮಾರುತ ಹಿಡಿದು ಬರುತ್ತಿದ್ದವು. ಎರಡೂ ಒಂದೇ ಹೊತ್ತಿಗೆ ಬೀಸುವುದಿಲ್ಲ, ಅಲ್ವಾ? ಹಾಗಾಗಿ ಬಂದವರು ಮುಂದೆ ಹೋಗಲಿಕ್ಕೂ ವಾಪಸಾಗಲಿಕ್ಕೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವವರಿಗೆ ಕುಡಿಯುವ ನೀರು, ಅಕ್ಕಿ, ಸಾಮಾನು ಇಡಲು ಉಗ್ರಾಣ, ಹಡಗು ರಿಪೇರಿಗೆ ಮರ, ಕಳ್ಳರಿಂದ ಕಾವಲು, ಎಲ್ಲ ಬೇಕು. ಇದನ್ನು ಕೊಡುವ ಜಾಗವೇ ಪಟ್ಟಣ. ಅದು ಹುಟ್ಟುತ್ತಿದ್ದದ್ದು ನದಿಯ ಅಳಿವೆಯಲ್ಲಿ, ಇಲ್ಲಾ ಅಳಿವೆಯಿಂದ ಸ್ವಲ್ಪ ಒಳಗೆ.

ಅಳಿವೆಯೇ ಯಾಕೆ ಅಂದರೆ, ಒಳನಾಡು ಪೂರ್ತಿ ದಟ್ಟ ಮಳೆಕಾಡು. ಅಲ್ಲಿ ನದಿಯೇ ದಾರಿ. ಕಾಡಿನ ಜನ ತರುತ್ತಿದ್ದ ಕರ್ಪೂರ, ಸಾಂಬ್ರಾಣಿ, ಬೆತ್ತ, ಚಿನ್ನ, ತವರ ಎಲ್ಲ ದೋಣಿಯಲ್ಲಿ ಕೆಳಗೆ ಇಳಿದು ಬರಬೇಕು. ಉಪ್ಪು, ಬಟ್ಟೆ, ಕಬ್ಬಿಣದ ಸಾಮಾನು ಅದೇ ನೀರಿನಲ್ಲಿ ಮೇಲೆ ಹೋಗಬೇಕು. ಅಳಿವೆಯನ್ನು ಹಿಡಿದು ಕೂತವನಿಗೆ ಮೇಲಿನ ಕಾಡಿಗೆ ಸೈನ್ಯ ಕಳಿಸುವ ಅಗತ್ಯ ಅಷ್ಟಾಗಿ ಇರಲಿಲ್ಲ. ಉಪ್ಪು ಅವನ ಕೈಯಲ್ಲಿದ್ದರೆ ಸಾಕಿತ್ತು.

ಈ ಕರ್ಪೂರದ ಜಾಡು ಹಿಡಿದರೆ ನಮ್ಮ ಐಹೊಳೆಗೂ ಬಂದು ಮುಟ್ಟುತ್ತೇವೆ. ಪಾಯಸಕ್ಕೆ, ತೀರ್ಥಕ್ಕೆ ಹಾಕುವ ಪಚ್ಚಕರ್ಪೂರಕ್ಕೆ ಹಿಂದಿನ ಕಾಲದಲ್ಲಿ ಬಹಳ ಹೆಸರಾಗಿದ್ದ ಜಾಗ ಸುಮಾತ್ರಾದ ಪಶ್ಚಿಮ ದಡದ ಬಾರುಸ್. ಅಲ್ಲಿ ಲೋಬು ತುವಾ ಅನ್ನುವ ಕಡೆ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಹಡಗಿನವರು ಕಸ್ತೂರಿ ಬೆಲೆಯ ಲೆಕ್ಕದಲ್ಲಿ ಚಿನ್ನ ಕಟ್ಟಬೇಕು ಅನ್ನುವ ಕಟ್ಟಳೆ ಅದರಲ್ಲಿದೆ. ಅದನ್ನು ಬರೆಸಿದವರು ಐನೂರ್ವರು. ಅಂದರೆ ಐಹೊಳೆಯನ್ನು ತವರು ಅಂತ ಹೇಳಿಕೊಳ್ಳುತ್ತಿದ್ದ ಆ ದೊಡ್ಡ ವರ್ತಕ ಸಂಘ. ಬಾರುಸ್‌ನಲ್ಲಿದ್ದವರು ಹೆಚ್ಚಾಗಿ ತಮಿಳು ವ್ಯಾಪಾರಿಗಳೇ ಇರಬೇಕು, ಶಾಸನದ ಭಾಷೆಯೇ ಹೇಳುತ್ತದಲ್ಲ. ಆದರೂ ಮಲಪ್ರಭೆ ದಡದ ಒಂದು ಊರಿನ ಹೆಸರು ಹೊತ್ತ ಸಂಘ ಅಷ್ಟು ದೂರದ ಬಂದರಿನಲ್ಲಿ ಕಟ್ಟಳೆ ಬರೆಸಿತು ಅಂದರೆ, ಆ ಬಂದರು ಎಷ್ಟು ಮುಖ್ಯವಾಗಿತ್ತು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಶ್ರೀವಿಜಯಕ್ಕೆ ಬರೋಣ. ಇದು ಸುಮಾತ್ರಾದ ಪಾಲೆಂಬಾಂಗ್. ಮುಸಿ ನದಿಯ ಮೇಲೆ, ಸಮುದ್ರದಿಂದ ಸುಮಾರು 80 ಕಿಲೋಮೀಟರ್ ಒಳಗೆ. ಚೀನಾದ ಬೌದ್ಧ ಭಿಕ್ಷು ಇತ್ಸಿಂಗ್ 671ರಲ್ಲಿ ಭಾರತಕ್ಕೆ ಹೊರಟಾಗ ಮೊದಲು ಇಲ್ಲಿ ಇಳಿದ. ಆರು ತಿಂಗಳು ಉಳಿದು ಸಂಸ್ಕೃತ ವ್ಯಾಕರಣ ಕಲಿತ. ಸಾವಿರಕ್ಕೂ ಹೆಚ್ಚು ಭಿಕ್ಷುಗಳು ಇಲ್ಲಿದ್ದಾರೆ, ಭಾರತಕ್ಕೆ ಹೋಗುವ ಚೀನೀಯರು ಮೊದಲು ಒಂದೆರಡು ವರ್ಷ ಇಲ್ಲಿದ್ದು ಕಲಿತು ಹೋಗುವುದು ಒಳ್ಳೆಯದು ಅಂತ ಬರೆದಿಟ್ಟ. ಸಾವಿರ ಭಿಕ್ಷುಗಳಿಗೆ ದಿನಾ ಊಟ ಹಾಕುವ ಊರು ಸಣ್ಣದಾಗಿರಲು ಸಾಧ್ಯವೇ ಇಲ್ಲ.

ಊರಿನವರೇ ಬರೆಸಿದ ಮಾತೂ ಉಳಿದಿದೆ. 1920ರಲ್ಲಿ ಪಾಲೆಂಬಾಂಗ್‌ನ ಕೆಡುಕನ್ ಬುಕಿತ್ ಎಂಬಲ್ಲಿ, ಮುಸಿಯನ್ನು ಸೇರುವ ಒಂದು ಹೊಳೆಯ ದಡದಲ್ಲಿ, ಒಂದು ಕಲ್ಲು ಸಿಕ್ಕಿತು. ಭಾಷೆ ಹಳೆಯ ಮಲಯ, ಲಿಪಿ ಪಲ್ಲವರದು, ಕಾಲ ಶಕ 604, ಅಂದರೆ 682. ದಪುಂತ ಹ್ಯಾಂಗ್ ಅನ್ನುವ ನಾಯಕ ಇಪ್ಪತ್ತು ಸಾವಿರ ಜನರ ಪಡೆಯೊಂದಿಗೆ ಹೊರಟ. ನಡೆದು ಬಂದವರು 1312 ಜನ. ಬಂದು ಊರು ಮಾಡಿದ. ಕೊನೆಯ ಸಾಲಿನಲ್ಲಿ 'ಶ್ರೀವಿಜಯ ಜಯ ಸಿದ್ಧಯಾತ್ರಾ ಸುಭಿಕ್ಷ' ಅಂತ ಇದೆ. ಕನ್ನಡದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಎರಡು ವರ್ಷದ ನಂತರದ, 684ರ, ತಲಾಂಗ್ ತುವೋ ಶಾಸನ. ಇದರಲ್ಲಿ ಯುದ್ಧವಿಲ್ಲ. ಶ್ರೀಜಯನಾಸ ಎಂಬ ದೊರೆ ಶ್ರೀಕ್ಷೇತ್ರ ಅನ್ನುವ ತೋಟ ಮಾಡಿಸಿದ್ದನ್ನು ಹೇಳುತ್ತದೆ. ತೆಂಗು, ಅಡಿಕೆ, ಸಕ್ಕರೆ ತಾಳೆ, ಸಾಗು ತಾಳೆ, ತಿನ್ನುವ ಹಣ್ಣಿನ ಮರಗಳು, ಬೇರೆ ಬೇರೆ ಜಾತಿಯ ಬಿದಿರು, ಎಲ್ಲವನ್ನೂ ಒಂದೊಂದಾಗಿ ಹೆಸರಿಸುತ್ತದೆ. ಕಟ್ಟೆಗಳಿವೆ, ಕೆರೆಗಳಿವೆ. ಇವೆಲ್ಲ ಸಕಲ ಜೀವಿಗಳ ಒಳಿತಿಗಾಗಲಿ ಅಂತ ಹರಕೆ ಇದೆ. ಆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಊಟ ಅದರಲ್ಲಿದೆ, ಎಲೆಅಡಿಕೆ ಅದರಲ್ಲಿದೆ, ಮನೆಯ ಗೋಡೆ, ನೆಲ, ಚಾವಣಿಗೆ ಬೇಕಾದದ್ದೂ ಅದರಲ್ಲೇ ಇದೆ. ಊರು ಕಟ್ಟುವ ಸಾಮಾನನ್ನು ಇವರು ಗಣಿಯಿಂದ ತೆಗೆಯುತ್ತಿರಲಿಲ್ಲ, ಬೆಳೆಸುತ್ತಿದ್ದರು.

ಐದು ಶತಮಾನ ಕಳೆದ ಮೇಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. 1225ರಲ್ಲಿ ಚೀನಾದ ಬಂದರು ಅಧಿಕಾರಿ ಝಾವೋ ರುಗುವಾ ಬರೆದ ಪ್ರಕಾರ ಅಲ್ಲಿನ ಜನ ಕೋಟೆಯ ಹೊರಗೆ ಚದುರಿಕೊಂಡಿದ್ದರು, ಇಲ್ಲಾ ನೀರಿನ ಮೇಲೆ ತೆಪ್ಪದ ಮನೆಗಳಲ್ಲಿ ಇರುತ್ತಿದ್ದರು. ತೆಪ್ಪದವರಿಗೆ ತೆರಿಗೆ ಇರಲಿಲ್ಲ. ಹಾದುಹೋಗುವ ಹಡಗು ಬಂದರಿಗೆ ಬರದೆ ತಪ್ಪಿಸಿಕೊಂಡರೆ ಇವರ ದೋಣಿಗಳು ಬೆನ್ನಟ್ಟಿ ಮೇಲೆ ಬೀಳುತ್ತಿದ್ದವಂತೆ. ಇವರ ಪಾಲಿಗೆ ನಿಜವಾದ ಕೋಟೆ ಅಂದರೆ ಈ ದೋಣಿಗಳೇ.

ಹೀಗಿದ್ದೂ 1918ರವರೆಗೆ ಶ್ರೀವಿಜಯ ಒಂದು ರಾಜ್ಯ ಅನ್ನುವುದೇ ವಿದ್ವಾಂಸರಿಗೆ ಗೊತ್ತಿರಲಿಲ್ಲ. ಫ್ರೆಂಚ್ ವಿದ್ವಾಂಸ ಜಾರ್ಜ್ ಸೆಡೆಸ್ ಆ ವರ್ಷ ಶಾಸನಗಳನ್ನೂ ಚೀನೀ ದಾಖಲೆಗಳನ್ನೂ ಜೋಡಿಸಿ ತೋರಿಸಿದ ಮೇಲೇ ಅದು ಚರಿತ್ರೆಗೆ ವಾಪಸ್ ಬಂದದ್ದು. 1970ರ ದಶಕದಲ್ಲಿ ಪಾಲೆಂಬಾಂಗ್‌ನಲ್ಲಿ ಅಗೆದು ನೋಡಿದವರಿಗೆ ಅಷ್ಟು ಹಳೆಯದು ಏನೂ ಸಿಗಲಿಲ್ಲ, ರಾಜಧಾನಿ ಬೇರೆಲ್ಲೋ ಇರಬೇಕು ಎಂಬ ಮಾತೂ ಬಂತು. ಆಮೇಲೆ ಪಿಯೆರ್ ಈವ್ ಮಾಂಗ್ಯಾನ್ ಮತ್ತು ಇಂಡೋನೇಷ್ಯಾದ ಪುರಾತತ್ವ ತಜ್ಞರು ವರ್ಷಗಟ್ಟಲೆ ಹುಡುಕಿ, ನದಿಯುದ್ದಕ್ಕೂ ಆ ಕಾಲದ ಚೀನೀ ಪಿಂಗಾಣಿ, ಮಡಕೆ ಚೂರುಗಳನ್ನು ಪತ್ತೆ ಮಾಡಿದರು. ಹಳೆಯ ಊರು ಎಲ್ಲೂ ಹೋಗಿರಲಿಲ್ಲ. ಈಗಿನ ದೊಡ್ಡ ನಗರ ಅದರ ಮೇಲೇ ಕೂತಿತ್ತು.

ಗುಡಿಗಳಾದರೂ ಕಲ್ಲಿನವೇ ಇರಬೇಕಲ್ಲ ಅಂತ ಕೇಳಬಹುದು. ಇದಕ್ಕೆ ಮಲೇಷ್ಯಾದ ಕೆಡಾಕ್ಕೆ, ಬುಜಾಂಗ್ ಕಣಿವೆಗೆ ಹೋಗಬೇಕು. ಸಮುದ್ರದಿಂದ ದೂರಕ್ಕೇ ಕಾಣುವ ಜೆರಾಯ್ ಬೆಟ್ಟದ ಬುಡ ಅದು. ಬಂಗಾಳ ಕೊಲ್ಲಿ ದಾಟಿ ಬಂದ ನಾವಿಕರಿಗೆ ಆ ಬೆಟ್ಟವೇ ಗುರುತು. ಮಹಾನಾವಿಕ ಬುದ್ಧಗುಪ್ತ ಅನ್ನುವವನು ಯಾತ್ರೆ ಸಫಲವಾಗಲಿ ಅಂತ ಕೆತ್ತಿಸಿದ ಸುಮಾರು 5ನೇ ಶತಮಾನದ ಕಲ್ಲು ಈ ಸೀಮೆಯಲ್ಲೇ ಸಿಕ್ಕಿದ್ದು. ತಂಜಾವೂರಿನ ಶಾಸನದಲ್ಲಿ ರಾಜೇಂದ್ರ ಚೋಳ ಗೆದ್ದ ಊರುಗಳ ಪಟ್ಟಿಯಲ್ಲಿ ಬರುವ ಕಡಾರವೂ ಇದೇ. ಆ ದಂಡಯಾತ್ರೆ ನಡೆದದ್ದು 1025ರ ಸುಮಾರಿಗೆ. ಇಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು, ಹಿಂದೂ, ಬೌದ್ಧ ಗುಡಿಗಳಿದ್ದವು. ಆದರೆ ಗುಡಿಯ ಹತ್ತಿರ ಹೋಗಿ ನೋಡಿದರೆ ಕಲ್ಲಿನದೋ ಇಟ್ಟಿಗೆಯದೋ ಜಗತಿ, ಅಂದರೆ ಕೆಳಗಿನ ಕಟ್ಟೆ ಮಾತ್ರ. ಅದರ ಮೇಲೆ ಸಾಲಾಗಿ ಕಂಬ ನಿಲ್ಲಿಸಲು ಮಾಡಿದ ಕಲ್ಲಿನ ಪೀಠಗಳು. ಕಂಬ ಮರದ್ದು, ಮೇಲಿನ ಚಾವಣಿ ಗರಿಯದು. ಆ ಮಳೆಯಲ್ಲಿ, ಗೆದ್ದಲಿನಲ್ಲಿ ಅದೆಲ್ಲ ಎಷ್ಟು ದಿನ ಉಳಿದೀತು? ದೇವರ ಮನೆಗೇ ಹೀಗಾದರೆ ಜನರ ಮನೆ ಉಳಿಯುವ ಪ್ರಶ್ನೆಯೇ ಇಲ್ಲ. ಉಳಿದ ಅಷ್ಟಿಷ್ಟನ್ನೂ ನಾವು ಕಾಪಾಡಿಕೊಂಡಿಲ್ಲ ಅನ್ನುವುದು ನೋವಿನ ಸಂಗತಿ. 2013ರಲ್ಲಿ ಈ ಕಣಿವೆಯ ಒಂದು ಹಳೆಯ ಗುಡಿಯ ತಳಪಾಯವನ್ನು ಮನೆ ಕಟ್ಟುವ ಕೆಲಸಕ್ಕೆ ಜಾಗ ಸಮ ಮಾಡುವಾಗ ಕೆಡವಿಬಿಟ್ಟರು.

ಮಲಾಕ್ಕಾ ಇವೆಲ್ಲಕ್ಕಿಂತ ತೀರಾ ಈಚಿನದು. ಪಾಲೆಂಬಾಂಗ್‌ನಿಂದ ಹೊರಟು, ಸಿಂಗಪುರದಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿಂದಲೂ ಓಡಬೇಕಾಗಿ ಬಂದ ಪರಮೇಶ್ವರ ಎಂಬ ರಾಜಕುಮಾರ 1400ರ ಆಸುಪಾಸಿನಲ್ಲಿ ಇದನ್ನು ಶುರುಮಾಡಿದ. ಅವನ ಬೆನ್ನಿಗೆ ನಿಂತವರು ಒರಾಂಗ್ ಲಾವುತ್, ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬಾಳುವ ಸಮುದ್ರದ ಜನ. ಹಡಗುಗಳಿಗೆ ದಾರಿ ತೋರಿಸುವವರು, ಬೇಕಾದರೆ ಅಡ್ಡಗಟ್ಟುವವರು ಅವರೇ. ಈ ಜನ ಯಾವ ರಾಜನ ಕಡೆ ಇರುತ್ತಿದ್ದರೋ, ಬಂದರು ಅವನದೇ ಆಗುತ್ತಿತ್ತು.

ಊರು ಹೇಗಿತ್ತು ಅನ್ನುವುದನ್ನು ಚೀನಾದ ನೌಕಾಧಿಪತಿ ಝೆಂಗ್ ಹೇಯ ಪಡೆಯ ಜೊತೆ ಬಂದ ಮಾ ಹುವಾನ್ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ನದಿಗೆ ಅಡ್ಡಲಾಗಿ ರಾಜ ಮರದ ಸೇತುವೆ ಹಾಕಿಸಿದ್ದ. ಸೇತುವೆಯ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಸಣ್ಣ ಮಂಟಪಗಳು. ಸಂತೆ ನಡೆಯುತ್ತಿದ್ದದ್ದು ಅಲ್ಲೇ. ಮನೆಗಳು ನೆಲದಿಂದ ನಾಲ್ಕು ಅಡಿಯಷ್ಟು ಮೇಲೆ. ತೆಂಗಿನ ಮರ ಸೀಳಿ, ಪಟ್ಟಿಗಳನ್ನು ಬೆತ್ತದಲ್ಲಿ ಬಿಗಿದು ಅಟ್ಟ ಮಾಡುತ್ತಿದ್ದರು. ಕೂರುವುದು, ಮಲಗುವುದು, ಅಡುಗೆ ಎಲ್ಲ ಅದರ ಮೇಲೇ. ನೆಲ ಉಪ್ಪು, ಬೆಳೆ ಸರಿಯಾಗಿ ಬರುವುದಿಲ್ಲ ಅಂತಲೂ ಬರೆದಿದ್ದಾನೆ. ಹೌದು, ಮಲಾಕ್ಕಾ ತನ್ನ ಅಕ್ಕಿಯನ್ನು ಜಾವಾ, ಸಯಾಂ (ಈಗಿನ ಥಾಯ್ಲೆಂಡ್), ಬರ್ಮಾದ ಪೆಗುಗಳಿಂದ ತರಿಸಿಕೊಂಡು ಬದುಕಿದ ಊರು. ಚೀನೀಯರು ಅಲ್ಲಿ ಮರದ ಬೇಲಿ ಹಾಕಿ, ನಾಲ್ಕು ಬಾಗಿಲು, ಕಾವಲು ಗೋಪುರ ಇಟ್ಟು, ಒಳಗೆ ಉಗ್ರಾಣ ಕಟ್ಟಿಕೊಂಡು ಗಾಳಿ ತಿರುಗುವವರೆಗೆ ಕಾಯುತ್ತಿದ್ದರು.

ನೂರು ವರ್ಷದಲ್ಲಿ ಅದು ಎಷ್ಟು ಬೆಳೆಯಿತೆಂದರೆ, ಪೋರ್ಚುಗೀಸ್ ಲೆಕ್ಕಿಗ ತೊಮೆ ಪಿರೆಸ್ ಬಂದರಿನಲ್ಲಿ 84 ಭಾಷೆ ಕೇಳಿಸುತ್ತವೆ ಅಂತ ಬರೆದ. ನಾಲ್ಕು ಜನ ಶಾಬಂದರ್‌ಗಳು ಅಂದರೆ ಬಂದರು ಅಧಿಕಾರಿಗಳಿದ್ದರು. ಗುಜರಾತಿಗಳಿಗೇ ಒಬ್ಬ. ಪಶ್ಚಿಮದಿಂದ ಬಂದ ಸರಕಿಗೆ ನೂರಕ್ಕೆ ಆರರಷ್ಟು ಸುಂಕ. ಕಲ್ಲಿನ ಊರು ಅಲ್ಲದಿದ್ದರೂ ನಿಯಮ ಮಾತ್ರ ಗಟ್ಟಿಯಾಗಿದ್ದವು. ವ್ಯಾಪಾರಿಗಳು ಬಂದದ್ದು ಅದಕ್ಕೇ.

ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡ. ಮರುವರ್ಷವೇ ಹಡಗು ಹತ್ತಿ ಮಲಾಕ್ಕಾಕ್ಕೆ ಹೋದ. ಜಗಳ ನಡೆದದ್ದು ಮುಖ್ಯವಾಗಿ ಆ ಸೇತುವೆಯ ಸುತ್ತ. 1511ರ ಆಗಸ್ಟ್‌ನಲ್ಲಿ ಊರು ಬಿತ್ತು. ಇಲ್ಲೊಂದು ವಿಷಯ ಗಮನಿಸಿ. ಊರಿನಲ್ಲಿ ಕಲ್ಲು ಇದ್ದದ್ದು ಮಸೀದಿಯಲ್ಲಿ, ರಾಜರ ಗೋರಿಗಳಲ್ಲಿ. ಪೋರ್ಚುಗೀಸರು ಆ ಕಲ್ಲುಗಳನ್ನೇ ಕಿತ್ತು ತಮ್ಮ ಕೋಟೆ ಕಟ್ಟಿಕೊಂಡರು. ಆ ಕೋಟೆಯನ್ನು 1807ರಲ್ಲಿ ಬ್ರಿಟಿಷರು ಒಡೆಸಿದರು. ಈಗ ಉಳಿದಿರುವುದು ಮುಖ್ಯವಾಗಿ ಒಂದು ಬಾಗಿಲು. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಆದರೆ ಮಲಾಕ್ಕಾದ ಸುಲ್ತಾನ ಮಹಮೂದ್ ಶಾಹನ ಪಾಲಿಗೆ ರಾಜ್ಯ ಮುಗಿದಿರಲಿಲ್ಲ. ಅವನು ಮೂವಾರ್ ನದಿ, ಪಹಾಂಗ್, ಬಿಂತಾನ್ ದ್ವೀಪ ಅಂತ ಜಾಗ ಬದಲಿಸುತ್ತಾ ಆಳಿದ, 1528ರಲ್ಲಿ ಸುಮಾತ್ರಾದ ಕಂಪಾರ್‌ನಲ್ಲಿ ತೀರಿಕೊಂಡ. ಅವನ ಮಗ ಜೊಹೋರ್ ನದಿಗೆ ಬಂದ. ಮುಂದೆ ಜೊಹೋರಿನ ರಾಜಧಾನಿ ಅದೇ ನದಿಯ ಮೇಲೂ ಕೆಳಗೂ ಎಷ್ಟೋ ಸಲ ಜಾಗ ಬದಲಿಸಿತು: ಸಯೋಂಗ್, ಜೊಹೋರ್ ಲಾಮಾ, ಬಾತು ಸಾವಾರ್. 1587ರಲ್ಲಿ ಪೋರ್ಚುಗೀಸರು ಜೊಹೋರ್ ಲಾಮಾವನ್ನು ಸುಟ್ಟರು. ಜನ ಹೊಳೆ ಹಿಡಿದು ಮೇಲೆ ಹೋಗಿ ಇನ್ನೊಂದು ಊರು ಕಟ್ಟಿದರು. ನೆಲ ಬೇಕಾದಷ್ಟಿತ್ತು, ಜನ ಕಡಿಮೆ. ಹಾಗಾಗಿ ರಾಜನ ಆಸ್ತಿ ಅಂದರೆ ಜನವೇ ಹೊರತು ಗೋಡೆಗಳಲ್ಲ. ಮಲಯ ಮನೆ ಕೂಡ ಇದಕ್ಕೆ ತಕ್ಕ ಹಾಗೇ ಇದೆ. ಮೊಳೆ ಹೊಡೆಯದೆ, ಗೂಟ ಮತ್ತು ತೂತುಗಳಲ್ಲಿ ಕೂರಿಸಿದ ಮರಗಳು. ಬಿಚ್ಚಬಹುದು, ಬೇರೆ ಕಡೆ ಜೋಡಿಸಬಹುದು. ಹಳ್ಳಿಗಳಲ್ಲಿ ಊರವರೆಲ್ಲ ಸೇರಿ ಇಡೀ ಮನೆಯನ್ನೇ ಎತ್ತಿ ಹೊತ್ತುಕೊಂಡು ಹೋಗುವ ಪದ್ಧತಿಯೂ ಇತ್ತು.

ಅಂಥ ಊರನ್ನು ಕಣ್ಣಾರೆ ನೋಡಬೇಕೆಂದರೆ ಬ್ರೂನೈಗೆ ಹೋಗಬೇಕು. ಮ್ಯಾಗೆಲನ್ನನ ಹಡಗುಗಳಲ್ಲಿದ್ದ ಪಿಗಾಫೆಟ್ಟಾ 1521ರಲ್ಲಿ ಬ್ರೂನೈ ನೋಡಿ, ರಾಜನ ಮತ್ತು ಕೆಲವು ದೊಡ್ಡವರ ಮನೆ ಬಿಟ್ಟರೆ ಊರೆಲ್ಲ ಉಪ್ಪುನೀರಿನ ಮೇಲಿದೆ, ಇಪ್ಪತ್ತೈದು ಸಾವಿರ ಒಲೆಗಳಿವೆ ಅಂತ ಬರೆದ. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು. ಆದರೆ ಭರತದ ಹೊತ್ತಿಗೆ ಹೆಂಗಸರು ದೋಣಿಯಲ್ಲಿ ಮನೆಮನೆಗೆ ಹೋಗಿ ಸಾಮಾನು ಮಾರುತ್ತಿದ್ದರು ಅನ್ನುವುದನ್ನು ಅವನು ಸುಮ್ನೆ ಕಲ್ಪಿಸಿ ಬರೆದದ್ದಲ್ಲ. ಆ ನೀರೂರು ಕಂಪೋಂಗ್ ಆಯೆರ್ ಈಗಲೂ ಇದೆ. ಸಾವಿರಾರು ಜನ ಕಂಬದ ಮನೆಗಳಲ್ಲಿದ್ದಾರೆ. ಶಾಲೆ, ಮಸೀದಿ ಎಲ್ಲ ನೀರಿನ ಮೇಲೇ.

ಮಲೇಷ್ಯಾ ಪ್ರವಾಸ ಹಾಕಿಕೊಂಡವರು ಮಲಾಕ್ಕಾದ ಬಾಗಿಲು ನೋಡಿ ವಾಪಸಾಗಬೇಡಿ. ಅದರ ಹತ್ತಿರವೇ ಸುಲ್ತಾನ ಮನ್ಸೂರ್ ಶಾಹನ ಮರದ ಅರಮನೆಯನ್ನು ಹಳೆಯ ಮಲಯ ವೃತ್ತಾಂತದ ವರ್ಣನೆ ಹಿಡಿದು 1980ರ ದಶಕದಲ್ಲಿ ಮತ್ತೆ ಕಟ್ಟಿದ್ದಾರೆ. ಅಲ್ಲಿಗೆ ಹೋಗಿ. ಪೆನಾಂಗ್‌ವರೆಗೆ ಹೋಗುವವರಾದರೆ ಕೆಡಾದ ಮೆರ್ಬೊಕ್‌ಗೂ ಒಂದು ದಿನ ಇಟ್ಟುಕೊಳ್ಳಿ. ಬುಜಾಂಗ್ ಕಣಿವೆಯ ವಸ್ತು ಸಂಗ್ರಹಾಲಯ ಅಲ್ಲಿದೆ, ಬುಕಿತ್ ಬಾತು ಪಹಾತ್ ಗುಡಿಯ ಜಗತಿ ಪಕ್ಕದಲ್ಲೇ ಇದೆ. ಮೇಲೆ ಹತ್ತಿ ಆ ಕಂಬದ ಪೀಠಗಳನ್ನು ನೋಡಿ.