‘ಪ್ರೈವೇಟ್ ಮಾಡಿದ್ದೆ ಸರ್, ಆದ್ರೂ ಹೇಗೆ ಹೋಯ್ತು?’

ವಿದ್ಯಾರ್ಥಿಗಳಿಗೆ ಆನ್‌ಲೈನ್ ಸುರಕ್ಷತೆಯ ಪಾಠ ಮಾಡುವಾಗ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಅಕೌಂಟ್ ಪ್ರೈವೇಟ್ ಮಾಡಿದ್ದೀರಾ? ತುಂಬಾ ಕೈಗಳು ಮೇಲೇಳುತ್ತವೆ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿದ್ದೀರಾ? ಅಲ್ಲೊಂದು ಇಲ್ಲೊಂದು ಕೈ, ಅಷ್ಟೇ.

ಇವೆರಡೂ ಒಂದೇ ಅಂದುಕೊಂಡವರು ಜಾಸ್ತಿ. ನಿಮ್ಮ ಫೋಟೋ ಯಾರು ನೋಡಬಹುದು ಅನ್ನೋದನ್ನು ಮೊದಲನೆಯದು ನೋಡಿಕೊಳ್ಳುತ್ತದೆ. ಅಕೌಂಟೇ ಬೇರೆಯವರ ಪಾಲಾದರೆ ಅದು ಉಪಯೋಗಕ್ಕೆ ಬರೋದಿಲ್ಲ. ಹಾಗೆ ಪಾಲಾಗದಂತೆ ಅಕೌಂಟಿಗೆ ಹಾಕುವ ಇನ್ನೊಂದು ಬೀಗವೇ ಎರಡನೆಯದು.

ಒಬ್ಬ ವಿದ್ಯಾರ್ಥಿನಿ ವಾಟ್ಸ್ಆ್ಯಪ್ ಕಳೆದುಕೊಂಡು ಬಂದಿದ್ದಳು. ಗೆಳತಿಯ ನಂಬರಿನಿಂದ ಮೆಸೇಜ್ ಬಂದಿತ್ತು: ‘ಲೇ, ನನ್ನ ಕೋಡ್ ತಪ್ಪಿ ನಿನಗೆ ಬಂದಿದೆ, ಬೇಗ ಕಳಿಸೇ.’ ಕಳಿಸಿಬಿಟ್ಟಳು. ಗೆಳತಿಯ ಅಕೌಂಟ್ ಅಷ್ಟೊತ್ತಿಗಾಗಲೇ ಕಳ್ಳನ ಕೈಲಿತ್ತು. ಅವನು ತನ್ನ ಫೋನಿನಲ್ಲಿ ವಾಟ್ಸ್ಆ್ಯಪ್ ತೆರೆಯಲು ಇವಳ ನಂಬರ್ ಹಾಕಿದ್ದ. ಅದಕ್ಕೇ ಇವಳ ಫೋನಿಗೆ ಆರು ಅಂಕಿಯ ಕೋಡ್ ಬಂದಿತ್ತು. ‘ನನಗೆ ಬಂದ ಕೋಡ್ ನನ್ನದೇ ಅಂತ ಹೊಳೀಲೇ ಇಲ್ಲ ಸರ್’ ಅಂತ ಅತ್ತಳು. ದಯವಿಟ್ಟು ಅವಳನ್ನು ದಡ್ಡಿ ಅನ್ನಬೇಡಿ. ಗೊತ್ತಿಲ್ಲದವರು ಕೇಳಿದ್ದರೆ ಕೊಡುತ್ತಿರಲಿಲ್ಲ. ಕೇಳಿದ್ದು ಗೆಳತಿ ಅಲ್ವಾ?

ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್, ಅದರೊಳಗೆ ಟೂ-ಸ್ಟೆಪ್ ವೆರಿಫಿಕೇಶನ್. ಅಲ್ಲಿ ನಿಮ್ಮದೇ ಆರು ಅಂಕಿಯ ಪಿನ್ ಇಡಿ. ಆಗ ಎಸ್ಸೆಮ್ಮೆಸ್ಸಿನಲ್ಲಿ ಬಂದ ಕೋಡ್ ಕೈತಪ್ಪಿದರೂ ಪಿನ್ ಇಲ್ಲದೆ ಕಳ್ಳ ಒಳಗೆ ಬರಲಾರ. ಪಿನ್ನನ್ನೂ ಕೇಳುವವರಿದ್ದಾರೆ, ಅದನ್ನು ಯಾರಿಗೂ ಹೇಳಬೇಡಿ. ಹಾಗೇ ನಿಮ್ಮ ವಾಟ್ಸ್ಆ್ಯಪ್ ಇನ್ನೆಲ್ಲಿ ತೆರೆದಿದೆ ಅಂತ ತೋರಿಸುವ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಲಾಗೌಟ್ ಮಾಡಿ. ಲ್ಯಾಬಿನಲ್ಲಿ ತೆರೆದು ಹಾಗೇ ಬಿಟ್ಟುಬಂದವರು ಎಷ್ಟೋ ಜನ. ಕೋಡೋ ದುಡ್ಡೋ ಕೇಳಿ ಮೆಸೇಜ್ ಬಂದರೆ, ಫೋನ್ ಮಾಡಿ ದನಿ ಕೇಳಿದ ಮೇಲೆಯೇ ಮುಂದಿನ ಮಾತು.

ಗೆಳೆಯರ ಮೂಲಕ ನಮ್ಮ ಮಾಹಿತಿ ಸೋರುವುದು ಹೊಸದೇನಲ್ಲ. 2018ರಲ್ಲಿ ಬಯಲಾದ, ಚುನಾವಣಾ ಪ್ರಚಾರಕ್ಕೆ ಜನರ ಮಾಹಿತಿ ಬಳಸುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಕಂಪನಿಯ ಪ್ರಕರಣ ನೋಡಿ. ಫೇಸ್‌ಬುಕ್‌ನಲ್ಲಿ ‘ನಿಮ್ಮ ಸ್ವಭಾವ ಎಂಥದ್ದು’ ಅಂತ ಕೇಳುವ ಒಂದು ಆ್ಯಪನ್ನು ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಮಾಹಿತಿ ಹೋಗಿರಬಹುದಾದವರು 8.7 ಕೋಟಿ ಜನ ಎಂದು ಫೇಸ್‌ಬುಕ್ಕೇ ಹೇಳಿತು. ಆ್ಯಪ್ ಹಾಕಿಕೊಂಡವರ ಜೊತೆ ಅವರ ಗೆಳೆಯರ ವಿವರವನ್ನೂ ಅದು ಎಳೆದುಕೊಂಡಿತ್ತು. ಆ ಗೆಳೆಯರನ್ನು ಯಾರೂ ಕೇಳಿರಲಿಲ್ಲ.

ಈಗಲೂ ಎಷ್ಟೋ ಆ್ಯಪ್‌ಗಳು ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುತ್ತವೆ. ನಾವು ಸುಮ್ನೆ ‘ಅಲೋ’ ಒತ್ತುತ್ತೇವೆ. ಆ ಪಟ್ಟಿಯಲ್ಲಿ ಅಮ್ಮನ ನಂಬರ್ ಇದೆ, ಮೇಷ್ಟ್ರ ನಂಬರ್ ಇದೆ. ಫೋಟೋ ಚಂದ ಮಾಡುವ ಆ್ಯಪಿಗೆ ಅವೆಲ್ಲ ಯಾಕೆ ಬೇಕು?