ಮದ್ರಾಸ್ ಐ ಮತ್ತು ಬಚ್ಚಲ ಬಾಗಿಲ ಟವೆಲು

2023ರ ಮಳೆಗಾಲದಲ್ಲಿ ಊರೂರಲ್ಲೂ ಮಕ್ಕಳ ಕಣ್ಣು ಕೆಂಪಾಗಿತ್ತು. ನಮ್ಮ ಮನೆಗೆ ಮದ್ರಾಸ್ ಐ ಬಂದದ್ದು ಮಗನ ಶಾಲೆಯಿಂದ. ಅವನ ಕಣ್ಣು ನೋಡಬೇಡಿ ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಕಪ್ಪು ಕನ್ನಡಕ ಹಾಕಿಸಿದೆವು. ಆದರೂ ವಾರ ಕಳೆಯುವಷ್ಟರಲ್ಲಿ ಇನ್ನೂ ಮೂವರಿಗೆ ಬಂತು. ಬಚ್ಚಲ ಬಾಗಿಲ ಹಿಂದೆ ನೇತಾಡುತ್ತಿದ್ದ ಒಂದೇ ಟವೆಲಿಗೆ ನಾವೆಲ್ಲ ಮುಖ ಒರೆಸುತ್ತಿದ್ದೆವು!

ಈ ಬೇನೆಗೆ ಹೆಸರಿಡುವಾಗ ಎಲ್ಲರೂ ಬೇರೆಯವರ ಕಡೆ ಬೆರಳು ತೋರಿಸುತ್ತಾರೆ. ನಮಗೆ ಅದು ಮದ್ರಾಸಿನದು. 1971ರಲ್ಲಿ ಈಗಿನ ಬಾಂಗ್ಲಾದೇಶದಿಂದ ನಿರಾಶ್ರಿತರು ಬಂದಾಗ ಕಲ್ಕತ್ತೆಯವರು ಇಂಥದ್ದೇ ಕಣ್ಣುಬೇನೆಯನ್ನು ‘ಜೊಯ್ ಬಾಂಗ್ಲಾ’ ಎಂದರು. 1969ರಲ್ಲಿ ಘಾನಾದಲ್ಲಿ ಕಣ್ಣು ಕೆಂಪಾದಾಗ, ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷವಲ್ವಾ, ‘ಅಪೊಲೊ 11’ ಎಂದೇ ಕರೆದರು.

ಹೆಚ್ಚಿನ ಸಲ ಇದರ ಹಿಂದೆ ಇರುವುದು ಅಡಿನೋವೈರಸ್. ನೋಡಿದರೆ ಅದು ಹಾರಿ ಬರುವುದಿಲ್ಲ. ಕಣ್ಣೀರು ಕೈಗೆ, ಕೈ ಬಾಗಿಲ ಚಿಲಕಕ್ಕೆ, ಚಿಲಕದಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಕಣ್ಣಿಗೆ. ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ಕೊರೊನಾ ವೈರಸ್ಸಿಗೆ ಮೇಲೊಂದು ಕೊಬ್ಬಿನ ಪೊರೆ ಇತ್ತು, ಸ್ಯಾನಿಟೈಸರ್ ಅದನ್ನು ಕರಗಿಸುತ್ತಿತ್ತು. ಇದಕ್ಕೆ ಆ ಪೊರೆಯೇ ಇಲ್ಲ. ಹಾಗಾಗಿ ಸ್ಯಾನಿಟೈಸರ್ ನಂಬಿ ಕೂರಬೇಡಿ, ಸೋಪು ಹಚ್ಚಿ ಉಜ್ಜಿ ತೊಳೆಯಿರಿ. ಕಪ್ಪು ಕನ್ನಡಕ ಬೆಳಕಿನ ಚುಚ್ಚುವಿಕೆಗೆ ಹಿತ, ಅಷ್ಟೇ.

ವೈರಸ್ಸಿನ ಬೇನೆ ಸಾಮಾನ್ಯವಾಗಿ ಒಂದು ಕಣ್ಣಲ್ಲಿ ಶುರುವಾಗಿ, ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ದಾಟುತ್ತದೆ. ಮರಳು ಬಿದ್ದ ಹಾಗೆ ಚುರುಚುರು, ನೀರು ನೀರು. ಕೆಲವರಿಗೆ ಕಿವಿಯ ಮುಂದೆ ಸಣ್ಣ ಗಂಟು ಸಿಗುತ್ತದೆ. ಹಳದಿ ಗೀಜು ದಪ್ಪಗೆ ಬಂದು, ಒರೆಸಿದರೂ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಣ್ಣು ಒಟ್ಟಿಗೇ ವಿಪರೀತ ತುರಿಸಿ, ಜೊತೆಗೆ ಸೀನೂ ಬಂದರೆ ಅಲರ್ಜಿ. ಅದು ಅಂಟುವುದಿಲ್ಲ.

ವೈರಸ್ಸಿಗೆ ಆಂಟಿಬಯಾಟಿಕ್ ಹನಿ ಕೆಲಸ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿತನಕ ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ, ಬಿಸಾಡಿ. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ತಣ್ಣೀರ ಬಟ್ಟೆ ಇಟ್ಟರೆ ಉರಿ ತಗ್ಗುತ್ತದೆ. ದಿಂಬಿನ ಬಟ್ಟೆ ದಿನಾ ಬದಲಿಸಿ. ಹಚ್ಚುತ್ತಿದ್ದ ಕಾಡಿಗೆ ಎಷ್ಟೇ ದುಬಾರಿಯದಾದರೂ ಎಸೆಯಿರಿ. ಎದೆಹಾಲು, ಜೇನು, ನಂದಿಬಟ್ಟಲ ಹೂವಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಈ ಮಾತಿಗೆ ನಮ್ಮ ಮನೆಯಲ್ಲಿ ಎರಡು ದಿನ ಮುನಿಸು ನಡೆಯಿತು.

ಜಾಸ್ತಿ ಭಯ ಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಹನಿಗೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮಾರನೇ ದಿನವೇ ಕಣ್ಣು ಬೆಳ್ಳಗಾಗಬಹುದು, ಎಲ್ಲರಿಗೂ ಖುಷಿ. ಒಳಗೆ ವೈರಸ್ ಮಾತ್ರ ಇನ್ನಷ್ಟು ದಿನ ಉಳಿಯುತ್ತದೆ. ಕೆಂಪಿಗೆ ಕಾರಣ ಹರ್ಪಿಸ್ ಎಂಬ ಇನ್ನೊಂದು ವೈರಸ್ ಆಗಿದ್ದರಂತೂ ಕರಿಗುಡ್ಡೆಯ ಮೇಲೆ ಹುಣ್ಣು ಹರಡಿ ದೃಷ್ಟಿಗೇ ಕುತ್ತು.

ಜೋರು ನೋವು, ಮಂಜು ಮಂಜು ನೋಟ, ಬೆಳಕು ನೋಡಲಾಗದಷ್ಟು ಸಂಕಟ ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದಿಟ್ಟು ಹೋಗಬೇಕು. ಹಸುಗೂಸಿನ ಕಣ್ಣಾದರೆ ಒಂದು ದಿನವೂ ಕಾಯಬೇಡಿ.

ನನಗೆ ಕೆಂಪು ಪೂರ್ತಿ ಹೋದ ಮೇಲೆ, ಮೂರನೇ ವಾರದಲ್ಲಿ, ಬೀದಿದೀಪದ ಸುತ್ತ ಬೆಳಕಿನ ಬಳೆ ಕಾಣತೊಡಗಿತು. ಕರಿಗುಡ್ಡೆಯಲ್ಲಿ ಸಣ್ಣ ಬಿಳಿ ಚುಕ್ಕೆಗಳು ಉಳಿದಿವೆ, ವೈರಸ್ ವಿರುದ್ಧ ದೇಹ ನಡೆಸಿದ ಜಗಳದ ಗುರುತು ಎಂದರು ಡಾಕ್ಟರು. ಅವು ಮಾಸಲು ನಾಲ್ಕು ತಿಂಗಳು ಹಿಡಿಯಿತು.